ಆಲೆಮನೆ ಮೋಟಾರಿಗೆ 15 ಕೆವಿಎಆರ್ ಕೆಪಾಸಿಟರ್ ಸರಿಯೇ?

ಪಾಂಡವಪುರದ ಆಲೆಮನೆ:
ಗಾಣಕ್ಕೆ 20 ಎಚ್‌ಪಿ ಮೋಟಾರ್, ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಿಂದ ಹೊರಟು, ಆಮೇಲೆ ಪೂರ್ಣ ಓಟದ ಡೆಲ್ಟಾಕ್ಕೆ ಬದಲಾಗುವುದು). ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಬಂದ ಪಾಲು) 0.68 ಬಂದು ದಂಡ ಬಿದ್ದಿದೆ. ವೈರಿಂಗ್‌ನವರು 15 ಕೆವಿಎಆರ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಕೆಪಾಸಿಟರನ್ನು ನೇರವಾಗಿ ಮೋಟಾರಿನ ಟರ್ಮಿನಲ್‌ಗೇ ಕಟ್ಟೋಣ ಎನ್ನುತ್ತಾರೆ. ಕಬ್ಬು ಕಡಿದು ಅಂಗಳಕ್ಕೆ ಬಂದಿದೆ, ಗಾಣ ನಿಲ್ಲಿಸುವಂತಿಲ್ಲ. ಕಟ್ಟಿಸಲೇ?

ಮೈಸೂರು ರೀವೈಂಡಿಂಗ್:
ಬೇಡ ಸ್ವಾಮಿ, ದಯವಿಟ್ಟು ಬೇಡ. ಸ್ವಿಚ್ ಆರಿಸಿದರೂ ಗಾಣ ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಆಗ ದೊಡ್ಡ ಕೆಪಾಸಿಟರ್ ಜೊತೆಗಿದ್ದರೆ ಮೋಟಾರು ಜನರೇಟರಿನಂತೆ ವರ್ತಿಸಿ ವೋಲ್ಟೇಜ್ ಮೇಲೇರುತ್ತದೆ. ವೈಂಡಿಂಗ್‌ನ ಇನ್ಸುಲೇಶನ್‌ಗೆ ಅದೇ ಕುತ್ತು.

ನಿಮ್ಮ 0.68ಕ್ಕೆ ಕಾರಣ ಬಹುಶಃ ಕಬ್ಬು ಕೊಡುವಾಗಿನ ಬಿಡುವು. ಮೋಟಾರಿನೊಳಗೆ ಕಾಂತಕ್ಷೇತ್ರ ಹುಟ್ಟಿಸಲು ಬೇಕಾದ ಕರೆಂಟ್, ಗಾಣದಲ್ಲಿ ಕಬ್ಬಿದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಕೆಲಸ ಕಡಿಮೆಯಾದಂತೆ ಪವರ್ ಫ್ಯಾಕ್ಟರ್ ಕುಸಿಯುತ್ತದೆ. ಆ ಕಾಂತಕ್ಷೇತ್ರದ ಕರೆಂಟನ್ನು ಪಕ್ಕದಲ್ಲೇ ಒದಗಿಸುವುದು ಕೆಪಾಸಿಟರಿನ ಕೆಲಸ, ಹಾಗಾಗಿ ಅದು ಎಷ್ಟೆಂದು ಮೊದಲು ಅಳೆಯಬೇಕು. ಬೆಲ್ಟ್ ಕಳಚಿ, ಮೋಟಾರನ್ನು ಡೆಲ್ಟಾದಲ್ಲಿ ಓಡಿಸಿ, ಸ್ಟಾರ್ಟರಿಗೆ ಬರುವ ವೈರಿಗೆ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವುದು) ಹಾಕಿ ನೋಡಿ.

ನಾಗಮಂಗಲದವನು:
ಮನೆಯ ಪ್ಲಗ್‌ಗೆ ಚುಚ್ಚಿದರೆ ಯೂನಿಟ್ ಇಳಿಯುತ್ತದೆ ಎಂದು ಸಂತೆಯಲ್ಲಿ ಪೆಟ್ಟಿಗೆಯೊಂದನ್ನು ಮಾರುತ್ತಿದ್ದರು. ಇದೇ ತತ್ವವೇ?

ಮೈಸೂರು ರೀವೈಂಡಿಂಗ್:
ಕೊಳ್ಳಬೇಡಿ. ಮನೆಯ ಬಿಲ್ಲು ಯೂನಿಟ್ಟಿನ ಲೆಕ್ಕದ್ದು, ಕೆಪಾಸಿಟರ್ ಅದನ್ನು ಇಳಿಸುವುದಿಲ್ಲ. ಆಲೆಮನೆಯಲ್ಲೂ ಲಾಭವಿರುವುದು ದಂಡ ತಪ್ಪುವುದರಲ್ಲಿ, ತಂತಿ ಬಿಸಿಯಾಗುವುದು ತಗ್ಗುವುದರಲ್ಲಿ. ಹೀಗೆ ಬಡವರ ದುಡ್ಡು ಹೋಗುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಪಾಂಡವಪುರದ ಆಲೆಮನೆ:
ಬೆಲ್ಟ್ ಕಳಚಿ ನೋಡಿದೆ ಅಣ್ಣ. 415 ವೋಲ್ಟ್, 11 ಆಂಪಿಯರ್.

ಮೈಸೂರು ರೀವೈಂಡಿಂಗ್:
ಬೆಲ್ಟ್ ಇಲ್ಲದಾಗಿನ ಕರೆಂಟ್ ಬಹುತೇಕ ಕಾಂತಕ್ಷೇತ್ರದ್ದೇ. 1.73 × 415 × 11 ÷ 1000, ಅಂದರೆ ಸುಮಾರು 7.9 ಕೆವಿಎಆರ್. ಆರಿಸಿದಾಗ ವೋಲ್ಟೇಜ್ ಮೇಲೇರದಂತೆ, ಕೆಪಾಸಿಟರ್ ಅದರ ಶೇ 90 ಮೀರಬಾರದು. 440 ವೋಲ್ಟ್ ಎಂದು ಬರೆದಿರುವ 7 ಕೆವಿಎಆರ್ ತನ್ನಿ. ನಿಮ್ಮ 415ರಲ್ಲಿ ಅದು ಸುಮಾರು 6.2 ಮಾತ್ರ ಕೊಡುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ. ಸರಾಸರಿ ಲೋಡ್ 8 ಕಿಲೋವ್ಯಾಟ್ ಎಂದಿಟ್ಟುಕೊಂಡರೂ ಪವರ್ ಫ್ಯಾಕ್ಟರ್ 0.95ರ ಆಸುಪಾಸಿಗೆ ಬರುತ್ತದೆ. 440 ವೋಲ್ಟಿನದೇ 15 ಹಾಕಿದ್ದರೆ ಲೆಕ್ಕ ಆಚೆ ಬದಿಗೆ ವಾಲಿ, ಲೀಡಿಂಗ್ ಆಗಿ (ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಕೆಪಾಸಿಟರ್ ಆಗಿ) ಮತ್ತೆ 0.86ಕ್ಕೆ ಬೀಳುತ್ತಿತ್ತು.

ಸ್ಟಾರ್-ಡೆಲ್ಟಾ ಆದ್ದರಿಂದ ಮೋಟಾರಿನ ಟರ್ಮಿನಲ್‌ಗೆ ಕಟ್ಟಿಸಲೇಬೇಡಿ. ಬೋರ್ಡಿನಲ್ಲಿ ಪ್ರತ್ಯೇಕ ಫ್ಯೂಸ್, ಕೆಪಾಸಿಟರಿಗೆಂದೇ ಬರುವ ಕಾಂಟ್ಯಾಕ್ಟರ್ (ತಾನಾಗಿ ಸೇರಿ ಬಿಡುವ ಸ್ವಿಚ್) ಇರಲಿ. ಡೆಲ್ಟಾಕ್ಕೆ ಬಂದ ಮೇಲೆ ಅದು ಸೇರಬೇಕು, ಮೋಟಾರ್ ನಿಂತೊಡನೆ ಬಿಡಬೇಕು. ಡಿಸ್ಚಾರ್ಜ್ ರೆಸಿಸ್ಟರ್ (ಒಳಗೆ ಉಳಿದ ಕರೆಂಟನ್ನು ಇಳಿಸುವುದು) ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ಆರಿಸಿದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಐದು ನಿಮಿಷ ಬಿಟ್ಟು, ಮೀಟರಿನಲ್ಲಿ ಸೊನ್ನೆ ಕಂಡ ನಂತರವೇ ಕೈ ಹಾಕಲು ಹೇಳಿ.