ಪದ ಬೇಕು (ಅರ್ಜೆಂಟ್): ಸೆನೆಸೆಂಟ್ ಸೆಲ್, ಮತ್ತೆ ಅದು ಹೊರಹಾಕೋದಕ್ಕೆ ಏನನ್ನೋಣ?

ಅನುವಾದಕಿ, ಮೈಸೂರು:

ಎಲ್ಲರಿಗೂ ನಮಸ್ಕಾರ. ಹಿರಿಯರ ಆರೋಗ್ಯದ ಪ್ರದರ್ಶನ ಒಂದಕ್ಕೆ ಗೋಡೆ ಫಲಕ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಹೋಗತ್ತೆ. ಸೆನೆಸೆಂಟ್ ಸೆಲ್‌ಗೆ 'ಮುದಿಕೋಶ', ಅದು ಹೊರಹಾಕೋ ರಾಸಾಯನಿಕಗಳ ಗುಂಪು, ಅಂದ್ರೆ ಸಾಸ್ಪ್‌ಗೆ 'ಮುದಿಕೋಶದ ಸ್ರಾವ' ಅಂತ ಹಾಕಿದೀನಿ, ಎರಡೂ ಒಪ್ಪಿಗೆ ಆಗ್ತಿಲ್ಲ. ಮುದಿ ಅಂದ ಕೂಡ್ಲೆ ವಯಸ್ಸಾದವರ ಮೈಯಲ್ಲಿರೋ ಎಲ್ಲಾ ಕೋಶನೂ ಇದೇ ಅಂತ ಓದ್ಕೋತಾರೆ. ಇದು ಹಾಗಲ್ವಲ್ಲ, ಟೆಲೊಮಿಯರ್ (ವರ್ಣತಂತುವಿನ ತುದಿ) ಸವೆದೋ ಡಿಎನ್‌ಎಗೆ ಪೆಟ್ಟು ಬಿದ್ದೋ ಕೀಮೋ ಕೊಟ್ಟಿದ್ರಿಂದ್ಲೋ ವಿಭಜನೆ ಕಾಯಂ ನಿಲ್ಲಿಸಿ, ಸಾಯದೆ ಉಳಿದಿರೋ ಕೋಶ, ಇಲಿಯ ಭ್ರೂಣದಲ್ಲೂ ಕಂಡಿದಾರೆ. ಇನ್ನು ಸ್ರಾವ ಅಂದ್ರೆ ನಮ್ಮ ಕಡೆ ರಕ್ತಸ್ರಾವ, ಬಿಳಿಸ್ರಾವ ಅಷ್ಟೇ. ಫಲಕ ನೋಡಿ ಯಾರೂ ಗಾಬರಿ ಬೀಳಬಾರದು. ದಯವಿಟ್ಟು ಬೇಗ ಹೇಳಿ.

ನಿವೃತ್ತ ಮಾಸ್ತರ, ಧಾರವಾಡ:

ಸೆನೆಸೆನ್ಸ್ ಅನ್ನೋದು ಲ್ಯಾಟಿನ್ನಿನ 'ಸೆನೆಕ್ಸ್' ಬಳಗದ್ದು, ಮುದುಕ ಅಂತ ಅರ್ಥ. ಸಂಸ್ಕೃತದ 'ಸನ' ಅದರ ದಾಯಾದಿ, ಹಳೇದು ಅಂತ, ಸನಾತನ ಅನ್ನೋದ್ರಾಗೂ ಅದ ಐತಿ. ಸೆನೆಟ್ ಅಂದ್ರೂ ಹಿರಿಯರ ಸಭಾನ. ಮೂಲದಾಗ ಮುಪ್ಪು ಇದ್ದ ಮ್ಯಾಲ ನೀವ್ಯಾಕ ಅದನ್ನ ತಗೀತೀರಿ ತಂಗಿ? 'ಜರಾಕೋಶ' ಅನ್ರಿ, 'ಜರಾಸ್ರಾವ' ಅನ್ರಿ. ಜರೆ, ಜರಠ, ಜೀರ್ಣ ಎಲ್ಲಾ ಒಂದ ಧಾತು. ಇದರಾಗ ಚರ್ಚಾ ಮಾಡೂದೇನೂ ಇಲ್ಲ.

ಎಲ್ಲರಕನ್ನಡದ (ಸಂಸ್ಕೃತ ಪದ, ಮಹಾಪ್ರಾಣ ಬಿಟ್ಟು ಬರೆಯೋ ಬಳಗ) ಗೆಳೆಯ, ತುಮಕೂರು:

ಜರಾಕೋಶ ಯಾರಿಗೆ ತಿಳಿಯತ್ತೆ? ಪಲಕ ಓದೋರು ಪಂಡಿತರಲ್ಲ. ಸೆಲ್ ಅಂದ್ರೆ ಸೂಲುಗೂಡು, ಮರಿ ಹಾಕೋದು ನಿಲ್ಲಿಸಿದ್ದು ಗೊಡ್ಡು, ಆದ್ದರಿಂದ 'ಗೊಡ್ಡುಗೂಡು'. ಅದು ಹೊರಹಾಕೋದು 'ಒಸರು'. ಮುಗೀತು. ಲ್ಯಾಟಿನ್ ನಂಟಸ್ತಿಕೆ ಕಟ್ಕೊಂಡು ಕನ್ನಡಕ್ಕೆ ಆಗಬೇಕಾದ್ದು ಏನಿದೆ?

ಪೆಥಾಲಜಿ ವೈದ್ಯೆ, ಮಂಗಳೂರು:

ಗೊಡ್ಡು ಬೇಡವೇ ಬೇಡ. ಮಕ್ಕಳಾಗದ ಹೆಂಗಸರನ್ನ ಹಳಿಯೋಕೆ ಬಳಸಿರೋ ಮಾತದು, ಅದನ್ನ ಗೋಡೆ ಮೇಲೆ ಬರೆಯೋದಾ? ಅರ್ಥನೂ ತಪ್ಪು. ಗೊಡ್ಡು ಅಂದ್ರೆ ಏನೂ ಕೊಡದ್ದು, ಈ ಕೋಶ ಕೊಡ್ತಾನೇ ಇರತ್ತೆ, ತೊಂದರೆ ಬರೋದೇ ಅಲ್ಲಿಂದ. ಮಾಸ್ತರರ ವ್ಯುತ್ಪತ್ತಿ ಸರಿ ಇರಬಹುದು, ಆದ್ರೆ 1961ರಲ್ಲಿ ವಿಜ್ಞಾನಿಗಳಾದ ಹೇಫ್ಲಿಕ್ ಮತ್ತು ಮೂರ್‌ಹೆಡ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಕೋಶಗಳು ಸುಮಾರು 50 ಸಲ ಇಬ್ಬಾಗವಾಗಿ ನಿಂತುಬಿಟ್ಟಿದ್ದನ್ನ ಕಂಡಾಗ ಆ ಕೋಶಗಳು ಬಂದಿದ್ದು ಭ್ರೂಣದಿಂದ, ಮುದುಕರಿಂದ ಅಲ್ಲ.

ಪದ ಕಟ್ಟೋ ಮುಂಚೆ ಅದರ ಕೆಲಸ ನೋಡಿ. ಕೆಟ್ಟ ಕೋಶ ಕ್ಯಾನ್ಸರ್ ಆಗದ ಹಾಗೆ ಪಿ53, ಪಿ16 ಅನ್ನೋ ಪ್ರೋಟೀನ್‌ಗಳು ಹಾಕೋ ಬ್ರೇಕ್ ಇದು, ಅಂದ್ರೆ ಮೊದಲು ನಮ್ಮ ಕಾವಲೇ. ಹೊರಹಾಕೋ ಐಎಲ್-6, ಐಎಲ್-8 ಥರದ ಸಂಕೇತ ಪ್ರೋಟೀನ್‌ಗಳು ರೋಗನಿರೋಧಕ ಕೋಶಗಳನ್ನ ಕರೀತಾವೆ, ಅವು ಬಂದು ಇದನ್ನ ತೆಗೆದುಹಾಕಿದ್ರೆ ಸರಿಹೋಯ್ತು, ಇಲಿಗಳಲ್ಲಿ ಗಾಯ ಮಾಯೋಕೂ ಇದೇ ನೆರವಾಗತ್ತೆ. ತೆಗೆದುಹಾಕದೆ ಉಳಿದು ವರ್ಷಗಟ್ಟಲೆ ಹೊರಹಾಕ್ತಾನೇ ಇದ್ರೆ ಅಂಗಾಂಶದಲ್ಲಿ ಸಣ್ಣಗೆ ಉರಿಯೂತ ನಿಲ್ಲೋದೇ ಇಲ್ಲ, ಕಿಣ್ವಗಳು ಸುತ್ತಲಿನ ಹಂದರ ಕಡೀತಾವೆ, ಪಕ್ಕದ ಒಳ್ಳೆ ಕೋಶನೂ ವಿಭಜನೆ ನಿಲ್ಲಿಸತ್ತೆ, ಕ್ಯಾನ್ಸರಿನ ದಾರಿ ಹಿಡಿದ ಕೋಶ ಪಕ್ಕದಲ್ಲಿದ್ರೆ ಅದಕ್ಕೆ ಕುಮ್ಮಕ್ಕು ಸಿಗತ್ತೆ. ವಿಜ್ಞಾನಿ ಜೂಡಿತ್ ಕ್ಯಾಂಪಿಸಿ ಅವರ ತಂಡ ಈ ಕೊನೆಯದನ್ನ 2001ರಲ್ಲೇ ತೋರಿಸಿತ್ತು, 2008ರಲ್ಲಿ ಸಾಸ್ಪ್ ಅಂತ ಹೆಸರಿಟ್ಟಿದ್ದೂ ಅವರೇ. ಒಂದೇ ಸ್ರವಿಕೆ ಕಾಯೋದೂ ಹೌದು, ಕೆಡಿಸೋದೂ ಹೌದು. ಆದ್ದರಿಂದ ಹೆಸರಲ್ಲಿ ಬೈಗುಳ ಇರಬಾರದು. ಪೇಪರಿನವರ 'ಜೋಂಬಿ ಕೋಶ' ಕೂಡ ಬೇಡ.

ತುಮಕೂರು:

ಒಸರು ಅನ್ನೋದ್ರಲ್ಲಿ ಬೈಗುಳ ಎಲ್ಲಿದೆ? ಸ್ರವಿಕೆ ಸಂಸ್ಕ್ರುತ.

ಧಾರವಾಡ:

ಬೇರು ಸಂಸ್ಕೃತ, 'ಇಕೆ' ಪ್ರತ್ಯಯ ಕನ್ನಡದ್ದು. ಶಾಲೀ ಹುಡುಗರು ಹಾರ್ಮೋನಿನ ಪಾಠದಾಗ ಓದ್ಯಾರ. ನಿಮಗ ಮಹಾಪ್ರಾಣ ಬ್ಯಾಡ, ಸಂಸ್ಕೃತ ಬ್ಯಾಡ, ಇಂಗ್ಲಿಷ್ ಬ್ಯಾಡ, ಹಂಗಾರ ಕ್ಯಾನ್ಸರಿಗೆ ಏನಂತೀರಿ? ಅರ್ಬುದ ಅಂತ ಹಳೇ ವೈದ್ಯಶಾಸ್ತ್ರದಾಗ ಐತಿ.

ತುಮಕೂರು:

ಏಡಿಗಂತಿ. ಗ್ರೀಕರೂ ಏಡಿ ಅಂತಾನೇ ಕರೆದಿದ್ದು.

ಮಂಗಳೂರು:

ಇಷ್ಟು ವರ್ಷದಲ್ಲಿ ನನ್ನ ಮುಂದೆ ಕೂತ ಒಬ್ಬ ರೋಗಿನೂ ಅರ್ಬುದ ಅಂದಿಲ್ಲ, ಏಡಿಗಂತಿ ಅಂದಿಲ್ಲ. ಗಡ್ಡೆ ಅಂತಾರೆ, ಕ್ಯಾನ್ಸರ್ ಅಂತಾರೆ. ಜನ ಒಪ್ಪಿದ ಪದ ಎಲ್ಲಿಂದ ಬಂದಿದ್ರೂ ಕನ್ನಡವೇ. ಸ್ರವಿಕೆ ಇಡಿ. ಉರಿಯೂತಕ್ಕೆ ಮಾತ್ರ ಒಂದು ಮಾತು ಸೇರಿಸಲೇಬೇಕು, ಯಾಕಂದ್ರೆ ಇಲ್ಲಿ ಉರಿನೂ ಕಾಣಲ್ಲ, ಊತನೂ ಕಾಣಲ್ಲ. ಇಟಲಿಯ ವಿಜ್ಞಾನಿ ಫ್ರಾನ್ಸೆಸ್ಕಿ 2000ದಲ್ಲಿ 'ಇನ್‌ಫ್ಲಮೇಜಿಂಗ್' ಅಂತ ಹೆಸರಿಟ್ಟಿದ್ದು ಈ ಥರದ್ದಕ್ಕೇ. 'ಸದ್ದಿಲ್ಲದ ಉರಿಯೂತ' ಅನ್ನಬಹುದು.

ಮೈಸೂರು:

ಮೇಡಂ, ತುಂಬಾ ಉಪಕಾರ ಆಯ್ತು. ಹಾಗಾದ್ರೆ ಕೋಶಕ್ಕೆ 'ನಿಂತ ಕೋಶ' ಅಂದ್ರೆ? ನಮ್ಮಲ್ಲಿ ಮುಟ್ಟು ನಿಂತಿದೆ ಅಂತೀವಿ, ಬೆಳವಣಿಗೆ ನಿಂತಿದೆ ಅಂತೀವಿ, ಒಂದು ಕೆಲಸ ಕಾಯಮ್ಮಾಗಿ ಮುಗಿದಿದೆ, ಜೀವ ಮುಂದುವರೀತಿದೆ ಅನ್ನೋ ಅರ್ಥ ಅದರಲ್ಲೇ ಬರತ್ತೆ, ಅವಮಾನನೂ ಇಲ್ಲ.

ಮಂಗಳೂರು:

ಒಪ್ಪಿದೆ. ತಾತ್ಕಾಲಿಕವಾಗಿ ವಿಭಜನೆ ಬಿಟ್ಟು ಆಮೇಲೆ ಮತ್ತೆ ಶುರುಮಾಡೋ ಕೋಶಗಳೂ ಇವೆ, ಅವಕ್ಕೆ 'ತಂಗಿದ ಕೋಶ' ಅಂತ ಬೇರೆ ಇಟ್ಕೊಳ್ಳಿ, ಎರಡನ್ನ ಕಲಸಬೇಡಿ.

ಧಾರವಾಡ:

ನಿಂತ ಕೋಶ ಶಾಸ್ತ್ರದ ಪದ ಅಲ್ಲ. ಫಲಕಕ್ಕ ನಡೀತೈತಿ, ಪಠ್ಯಕ್ಕ ನಡ್ಯೂದಿಲ್ಲ.

ತುಮಕೂರು:

'ನಿಂತ' ಒಪ್ಪಿದೆ. 'ಕೋಶ' ಒಪ್ಪಿಲ್ಲ.

ಮೈಸೂರು:

ಫಲಕಕ್ಕೆ ಹೀಗೆ ಹಾಕ್ತಿದೀನಿ: "ವಿಭಜನೆ ಶಾಶ್ವತವಾಗಿ ನಿಲ್ಲಿಸಿಯೂ ಸಾಯದೆ ಉಳಿದ ಕೋಶಕ್ಕೆ ನಿಂತ ಕೋಶ ಎನ್ನುತ್ತೇವೆ. ಅದರ ಸ್ರವಿಕೆ ಗಾಯ ಮಾಯಲು ನೆರವಾಗಬಹುದು. ಇಂಥ ಕೋಶಗಳು ಹೆಚ್ಚಿ ಬಹುಕಾಲ ಉಳಿದರೆ ಅದೇ ಸ್ರವಿಕೆ ಸದ್ದಿಲ್ಲದ ಉರಿಯೂತಕ್ಕೂ, ಪಕ್ಕದಲ್ಲಿರುವ ಕ್ಯಾನ್ಸರ್ ಕೋಶ ಬೆಳೆಯುವುದಕ್ಕೂ ಕಾರಣವಾಗಬಹುದು." ಇನ್ನೊಂದು ಫಲಕ ಬಾಕಿ ಇದೆ. 2011ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಬೇಗ ಮುಪ್ಪಾಗೋ ಇಲಿಗಳಲ್ಲಿ ಈ ಕೋಶಗಳನ್ನ ತೆಗೆದುಹಾಕಿದಾಗ ಕಣ್ಣಿನ ಪೊರೆ, ಸ್ನಾಯು ಕರಗೋದು ಎಲ್ಲ ತಡವಾಯ್ತಲ್ಲ, ಆಮೇಲೆ ಅದಕ್ಕೇ ಅಂತ ಹುಡುಕಿದ ಔಷಧಿಗಳು, ಸೆನೊಲಿಟಿಕ್ಸ್. ಅದಕ್ಕೆ ನಾಳೆ ಮಧ್ಯಾಹ್ನದೊಳಗೆ ಯಾರಾದ್ರೂ ಪದ ಕೊಡ್ತೀರಾ?