ಗಲ್ಲಾದ ಫೋನಿಗೆ ಶೇಡ್ ಹಿಡಿದಿದೆ, ಏನು ಮಾಡಲಿ?

ಪ್ರಶ್ನೆ, ಮಾಟುಂಗಾದಿಂದ:
ಹೋಟೆಲಿನ ಗಲ್ಲಾದಲ್ಲಿ ಪಾರ್ಸೆಲ್ ಆರ್ಡರಿಗೆಂದೇ ಒಂದು ಅಮೊಲೆಡ್ ಫೋನ್ ಇಟ್ಟಿದ್ದೇವೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತೂವರೆವರೆಗೆ ಪರದೆ ಆರುವುದಿಲ್ಲ, ಚಾರ್ಜರ್ ತೆಗೆಯುವುದಿಲ್ಲ, ಬ್ರೈಟ್‌ನೆಸ್ ಫುಲ್. ಈಗ ಆ್ಯಪ್ ಮುಚ್ಚಿದರೂ ಮೇಲಿನ ಪಟ್ಟಿ ಮತ್ತು ಕೆಳಗಿನ ದೊಡ್ಡ ಬಟನ್ನಿನ ನೆರಳು ಹಾಗೇ ಕಾಣುತ್ತದೆ. ಬಣ್ಣ ಬದಲಾಗುವ ಯೂಟ್ಯೂಬ್ ವಿಡಿಯೊ ಹಾಕಿದರೆ ಹೋಗುತ್ತದೆ ಎಂದು ಒಬ್ಬರು, ಗ್ಲಾಸ್ ಬದಲಿಸಿದರೆ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಡೊಂಬಿವಲಿಯಿಂದ:
ಎರಡೂ ಸರಿಯಲ್ಲ ಮಾರಾಯ್ರೆ. ದುಡ್ಡು ಬಿಚ್ಚುವ ಮೊದಲು ಅದು ಬರ್ನ್-ಇನ್, ಅಂದರೆ ಪರದೆ ಸವೆದು ಕಾಯಂ ಕೂತ ನೆರಳು, ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ. ನೆರಳು ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೆ ಕಳಿಸಿ. ಅಲ್ಲೂ ನೆರಳು ಕಂಡರೆ ತಕರಾರು ಸಾಫ್ಟ್‌ವೇರಿನದು. ಅಲ್ಲಿ ಚೊಕ್ಕಟವಾಗಿದ್ದು ನಿಮ್ಮಲ್ಲಿ ಮಾತ್ರ ಕಂಡರೆ ಪ್ಯಾನೆಲ್ಲಿನದು, ಅಂದರೆ ಪರದೆಯದೇ. ಆಮೇಲೆ ಚಾರ್ಜರ್ ಕಿತ್ತು, ಫೋನ್ ಪೂರ್ತಿ ಆರಿಸಿ ಒಂದು ರಾತ್ರಿ ಬಿಡಿ. ಬೆಳಗಾಗುವಾಗ ಮಾಸಿದ್ದರೆ ಅದು ತಾತ್ಕಾಲಿಕ ಛಾಯೆ, ಹಿಂದಿನಿಂದ ಬ್ಯಾಕ್‌ಲೈಟ್ ಉರಿಯುವ ಎಲ್‌ಸಿಡಿ ಪರದೆಗಳಲ್ಲಿ ಬರುವುದು ಹೆಚ್ಚಾಗಿ ಇದೇ. ಮಾಸದಿದ್ದರೆ ಬರ್ನ್-ಇನ್.

ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಲು ಸ್ಯಾಮ್‌ಸಂಗ್ ಆದರೆ ಡಯಲರಿನಲ್ಲಿ *#0*# ಒತ್ತಿ. ಕೆಂಪು, ಹಸಿರು, ನೀಲಿಯನ್ನು ಪರದೆ ತುಂಬ ತೋರಿಸುತ್ತದೆ. ಬೇರೆ ಫೋನಾದರೆ ಒಂದೇ ಬಣ್ಣದ ಚಿತ್ರಗಳನ್ನು ಇಳಿಸಿಕೊಂಡು ಗ್ಯಾಲರಿಯಲ್ಲಿ ತೆರೆದರೂ ನಡೆಯುತ್ತದೆ. ಕೋಣೆಯ ದೀಪ ಆರಿಸಿ, ಬ್ರೈಟ್‌ನೆಸ್ ಮೂರನೇ ಒಂದು ಭಾಗಕ್ಕೆ ಇಳಿಸಿ. ನೀಲಿಯಲ್ಲಿ ನೆರಳು ಕಪ್ಪಗೆ ಕಂಡು ಕೆಂಪಿನಲ್ಲಿ ಕಾಣದಿದ್ದರೆ ಇನ್ನೂ ಮೊದಲ ಹಂತ. ಮೂರರಲ್ಲೂ ಕಂಡರೆ ಪ್ಯಾನೆಲ್ ದಣಿದಿದೆ. ಬೂದು ಚಿತ್ರವೊಂದನ್ನೂ ಇಟ್ಟುಕೊಳ್ಳಿ, ಎಲ್ಲಕ್ಕಿಂತ ಚಾಡಿಕೋರ ಅದೇ. ಬಿಳಿಯಲ್ಲಿ ತಪ್ಪಿಸಿಕೊಂಡದ್ದು ಬೂದಿನಲ್ಲಿ ಸಿಕ್ಕಿಬೀಳುತ್ತದೆ. ಮೇಲಿಂದ ಕೆಳಗೆ ಒಂದೇ ಹಸಿರು ಗೆರೆ ಎಳೆದಂತೆ ಇದ್ದರೆ ಅದು ಬೇರೆ ಕಾಯಿಲೆ, ಸವೆತವಲ್ಲ.

ಪುಣೆ, ಬುಧವಾರ ಪೇಠೆಯಿಂದ:
ನೋಡ್ರಿ ಅಣ್ಣಾರ, ಇದು ಕಲೆ ಅಲ್ಲ, ಸವಕಳಿ. ಅಮೊಲೆಡ್ಡಿಗೆ ಹಿಂದ ಬ್ಯಾಕ್‌ಲೈಟ್ ಇರೂದಿಲ್ಲ, ಪ್ರತಿ ಚುಕ್ಕಿನೂ ತಾನ ಬೆಳಗತೈತಿ. ಬೆಳಗಿದಷ್ಟೂ ಒಳಗಿನ ಸಾವಯವ ಪದರ ಮಂಕಾಗತೈತಿ. ಮೂರು ಬಣ್ಣದಾಗ ನೀಲಿದು ಆಯುಷ್ಯ ಕಡಿಮಿ, ಅದಕ್ಕ ಬಿಳಿ ಪರದೆ ತಗದ್ರ ಸವದ ಜಾಗ ಹಳದಿ ಹೊಡೀತೈತಿ. ಕಪ್ಪಗ ಇದ್ದ ಜಾಗ ಮಾತ್ರ ತಾಜಾ ಉಳೀತೈತಿ. ಮ್ಯಾಲಿನ ಸ್ಟೇಟಸ್ ಪಟ್ಟಿ ಕಾಯಂ ಕಪ್ಪು ಇರೋ ಫೋನಿನ್ಯಾಗ ಆ ಪಟ್ಟಿನ ಬೆಳ್ಳಗ ಕಾಣತೈತಿ. ಮಂದಿ ಅದನ್ನ 'ಮ್ಯಾಲ ಬಿಳಿ ಶೇಡ್ ಬಂದೈತಿ' ಅಂತ ತರ್ತಾರ. ಖರೇ ಅಂದ್ರ ಅದೊಂದ ಚಲೋ ಐತಿ, ಉಳಿದದ್ದೆಲ್ಲಾ ಸವದೈತಿ.

ಗ್ಲಾಸ್ ಬದಲಿ ಅಂದ್ರ ಮ್ಯಾಲಿನ ಗಾಜು, ಅದನ್ನ ಹಿಡದಿರೋ ಓಸಿಎ ಅಂಟಿನ ಪದರ ಎರಡನ್ನೂ ತಗದು ಹೊಸಾದು ಕೂಡ್ಸೂದು. ಗಾಜು ಒಡದಿದ್ರ ಅದು ಬರೋಬರಿ. ಇಲ್ಲಿ ಬೆಳಕು ಕೊಡೋ ಪದರ ಹಳೇದ ಉಳೀತೈತಿ, ಶೇಡ್ ಎಲ್ಲಿಗೆ ಹೋಗಬೇಕು? ಬಾಗಿದ ಅಂಚಿನ ಪರದೆ ಇದ್ರ ಗಾಜು ಬಿಡ್ಸುವಾಗ ಪ್ಯಾನೆಲ್ ಕೈ ಕೊಡೂದೂ ಐತಿ. ಬದಲ್ಸೂದಾದ್ರ ಪೂರ್ತಿ ಫೋಲ್ಡರ್, ಅಂದ್ರ ಗಾಜು, ಬೆಳಕಿನ ಪದರ ಕೂಡಿದ ಇಡೀ ಪರದೆನ ಬದಲ್ಸಬೇಕು.

ಫೋಲ್ಡರಿನ್ಯಾಗ ಮೂರು ನಮೂನಿ: ಕಂಪನಿದು ಫ್ರೇಮ್ ಸಹಿತ ಬರೋ ಸರ್ವಿಸ್ ಪ್ಯಾಕ್, ಅಮೊಲೆಡ್ಡಿನಂಗ ತಾನ ಬೆಳಗೋ ನಕಲಿ ಪರದೆ ಅಂದ್ರ ಕಾಪಿ ಓಲೆಡ್, ಕಡೀಕ ಟಿಎಫ್‌ಟಿ ಅಥವಾ ಇನ್‌ಸೆಲ್ ಅನ್ನೋ ಎಲ್‌ಸಿಡಿ. ಇಲ್ಲ್ಯಾಗ್ಲಿ, ನಿಮ್ಮ ಮುಂಬಯಿ ಮನೀಶ್ ಮಾರ್ಕೆಟ್ಟಿನ್ಯಾಗ್ಲಿ, 'ಕಡಿಮಿ ರೇಟಿಂದು ಕೊಡ್ರಿ' ಅಂದ್ರ ಕೈಗೆ ಬರೂದು ಮೂರನೇದ. ಅದನ್ನ ಹಾಕಿದ್ರ ಪರದೆ ಒಳಗಿನ ಬೆರಳಚ್ಚು ಹೋತು ಅಂತ ತಿಳ್ಕೊಳ್ರಿ, ಬ್ಯಾಕ್‌ಲೈಟ್ ದಾಟಿ ಸೆನ್ಸರಿಗೆ ಬೆರಳು ಕಾಣೂದಿಲ್ಲ. ದಪ್ಪನೂ ಜಾಸ್ತಿ, ಅಂಚಿನ ಮ್ಯಾಲ ಉಗುರು ಆಡಿಸಿದ್ರ ತಡೀತೈತಿ. ರೊಕ್ಕ ಕೊಡೋ ಮೊದಲ ಪೂರ್ತಿ ಕಪ್ಪು ಚಿತ್ರ ತಗದು, ಬ್ರೈಟ್‌ನೆಸ್ ಏರ್ಸಿ, ಎರಡೂ ಅಂಗೈ ಮರಿ ಮಾಡಿ ಇಣುಕ್ರಿ. ಬೂದು ಹೊಳಪು ಕಂಡ್ರ ಎಲ್‌ಸಿಡಿ. ಕಾಪಿ ಓಲೆಡ್ ಈ ಪರೀಕ್ಷಾದಾಗ ಪಾಸ್ ಆಗತೈತಿ, ಅದಕ್ಕ ಬಿಲ್ಲಿನ್ಯಾಗ 'ಒರಿಜಿನಲ್ ಫ್ರೇಮ್ ಸಹಿತ' ಅಂತ ಬರಸಗೊಳ್ರಿ.

ಠಾಣೆಯಿಂದ:
ವಿಡಿಯೊದ ಬಗ್ಗೆ. ಬಣ್ಣ ಸುತ್ತುವ ವಿಡಿಯೊ ಸವೆದ ಚುಕ್ಕೆಯನ್ನೂ ಸವೆಯದ ಚುಕ್ಕೆಯನ್ನೂ ಒಂದೇ ಸಮ ಉರಿಸುತ್ತದೆ. ನಡುವಿನ ಅಂತರ ಹಾಗೇ ಉಳಿಯುತ್ತದೆ, ಪ್ಯಾನೆಲ್ಲಿನ ಆಯುಷ್ಯ ಮಾತ್ರ ಖರ್ಚು. 2017ರಲ್ಲಿ ಪಿಕ್ಸೆಲ್ 2 ಎಕ್ಸ್‌ಎಲ್‌ನಲ್ಲಿ ಈ ದೂರು ಬಂದಾಗ ಗೂಗಲ್ ಮುಖ್ಯವಾಗಿ ಮಾಡಿದ್ದು ಎರಡು: ಕೆಳಗಿನ ಬಟನ್‌ಗಳು ತಾವಾಗಿ ಮಂಕಾಗುವಂತೆ ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷಕ್ಕೆ ಏರಿಸಿತು. ಅಳಿಸುವ ಆ್ಯಪ್ ಎಂಬುದು ಇದ್ದಿದ್ದರೆ ಅವರೇ ಕೊಡುತ್ತಿದ್ದರು.

ಲೆಕ್ಕಕ್ಕೆ ನಿಲ್ಲುವ ಉಪಾಯ ಒಂದಿದೆ, ಉಲ್ಟಾ ಚಿತ್ರ. ಆರ್ಡರ್ ಆ್ಯಪಿನ ಸ್ಕ್ರೀನ್‌ಶಾಟ್ ತೆಗೆದು, ಫೋಟೊ ಎಡಿಟರಿನಲ್ಲಿ ಬಣ್ಣ ತಿರುಗುಮುರುಗು ಮಾಡಿ, ಪರದೆ ತುಂಬ ಇಟ್ಟು ಅರ್ಧ ಬ್ರೈಟ್‌ನೆಸ್ಸಿನಲ್ಲಿ ಬಿಡುವುದು. ಗಂಟೆಗೊಮ್ಮೆ ನಿಲ್ಲಿಸಿ, ತಣಿಯಲು ಬಿಟ್ಟು, ಬೂದು ಚಿತ್ರದಲ್ಲಿ ನೋಡುವುದು. ಉಳಿದ ಜಾಗವೂ ಸವೆದು ಮೊದಲೇ ಸವೆದ ಜಾಗದ ಸಮಕ್ಕೆ ಬರುತ್ತದೆ. ತೆಳು ನೆರಳಾದರೆ ಮಾತ್ರ. ಒಟ್ಟು ಬೆಳಕು ಇಳಿಯುತ್ತದೆ ಎಂಬುದು ನೆನಪಿರಲಿ.

ಡೊಂಬಿವಲಿಯಿಂದ:
ಠಾಣೆಯವರ ಉಪಾಯ ಸಿದ್ಧಾಂತಕ್ಕೆ ಸರಿ. ಆದರೆ ಚಿತ್ರ ನಾಲ್ಕು ಚುಕ್ಕೆ ಆಚೀಚೆ ಆದರೂ ಬಟನ್ನಿನ ಸುತ್ತ ಹೊಸ ಅಂಚು ಮೂಡುತ್ತದೆ, ಆಗ ಒಂದಿದ್ದ ನೆರಳು ಎರಡು. ಗಲ್ಲಾದ ಫೋನಿಗೆ ಅಷ್ಟು ಆರೈಕೆ ಬೇಡ.

ವಾಸ್ಕೊದಿಂದ:
ಗೋವೆಯಲ್ಲಿ ಟ್ಯಾಕ್ಸಿ, ಬೈಕ್ ಓಡಿಸುವವರಿಗೂ ಇದೇ ಗೋಳು: ಮ್ಯಾಪಿನ ಮೇಲ್ಗಡೆಯ ಹಸಿರು ಪಟ್ಟಿ ಪರದೆಯಲ್ಲೇ ಕೂತುಬಿಡುತ್ತದೆ. ಬಿಸಿಲಿಗೆ ಫೋನ್ ತಾನಾಗಿ ಬ್ರೈಟ್‌ನೆಸ್ ಮೇಲಕ್ಕೆಳೆಯುತ್ತದೆ, ಡ್ಯಾಶ್‌ಬೋರ್ಡಿನ ಕಾವು ಬೇರೆ. ಸವೆತಕ್ಕೆ ಈ ಎರಡು ಸೇರಿದರೆ ಸಾಕು. ಹೋಲ್ಡರನ್ನು ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸಿ, ನೇರ ದಾರಿಯಲ್ಲಿ ಪರದೆ ಆರಿಸಿ ಧ್ವನಿ ಮೇಲೆ ಹೋಗಿ. ಅಡುಗೆಮನೆಗೆ ಹತ್ತಿರದ ಗಲ್ಲಾ ಆದರೆ ನಿಮಗೂ ಕಾವಿನ ಮಾತು ಅನ್ವಯ.

ಮಳೆಗಾಲದಲ್ಲಿ ಫೋಲ್ಡರ್ ಬದಲಿಸಿದರೆ ಬಿ-7000 ಅಂಟು ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಬೇಕು. ಅಂಗಡಿಯವರು ಹಾಕಿದ ರಬ್ಬರ್ ಬ್ಯಾಂಡ್ ಅರ್ಧ ಗಂಟೆಗೆ ಕಿತ್ತು ಜೇಬಿಗೆ ಹಾಕಬೇಡಿ. ಒಮ್ಮೆ ಬಿಚ್ಚಿದ ಫೋನಿನ ಮೇಲೆ ಮೊದಲಿನ ನೀರುನಿರೋಧಕದ ಭರವಸೆ ಇಡಬೇಡಿ.

ಮಾಟುಂಗಾದಿಂದ:
ನೀಲಿ, ಹಸಿರು ಎರಡರಲ್ಲೂ ನೆರಳು ಕಂಡಿತು, ಕೆಂಪಿನಲ್ಲಿ ಸ್ವಲ್ಪ. ವಾರಂಟಿ ಇನ್ನೂ ಎರಡು ತಿಂಗಳಿದೆ. ಆದರೆ ಆ್ಯಪ್ ಇಡೀ ದಿನ ಚಾಲು ಇರಲೇಬೇಕು, ಇಲ್ಲವಾದರೆ ಆರ್ಡರ್ ತಪ್ಪುತ್ತದೆ.

ಡೊಂಬಿವಲಿಯಿಂದ:
ವಾರಂಟಿ ಇದೆಯಾದರೆ ಹೊರಗಿನ ಅಂಗಡಿಯವರಿಗೆ ಒಂದು ಸ್ಕ್ರೂ ಸಹ ಮುಟ್ಟಲು ಬಿಡಬೇಡಿ. ಬೂದು ಚಿತ್ರದ ಮೇಲೆ ನೆರಳು ಕಾಣುವ ಫೋಟೊ, ಬಿಲ್ ಎರಡನ್ನೂ ಹಿಡಿದು ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ. ಬಳಕೆಯ ಸವೆತ ಎಂದು ತಳ್ಳಿಹಾಕಿದರೆ ಕಾರಣವನ್ನು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಅದೇ ಆಧಾರ. ದುಡ್ಡು ಕೊಟ್ಟೇ ಬದಲಿಸಬೇಕಾದರೆ ಸರ್ವಿಸ್ ಪ್ಯಾಕಿನ ದರವನ್ನು ಅದೇ ಫೋನಿನ ಸೆಕೆಂಡ್‌ಹ್ಯಾಂಡ್ ಬೆಲೆಯ ಪಕ್ಕ ಇಡಿ. ಅರ್ಧಕ್ಕಿಂತ ಮೇಲಾದರೆ ಬಿಟ್ಟುಬಿಡಿ, ನೆರಳಿದ್ದರೂ ಫೋನ್ ಕೆಲಸ ಮಾಡುತ್ತದೆ.

ಆ್ಯಪ್ ಚಾಲು ಇರಬೇಕು ಎಂದರೆ ಪರದೆ ಉರಿಯಬೇಕು ಎಂದಲ್ಲ. ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ, ನೋಟಿಫಿಕೇಶನ್ ಸದ್ದು ಪೂರ್ತಿ ಏರಿಸಿ, ಪರದೆ ಒಂದು ನಿಮಿಷಕ್ಕೆ ಆರುವಂತೆ ಇಡಿ. ಇಷ್ಟಾದರೂ ಆರದಿದ್ದರೆ ಸೆಟ್ಟಿಂಗಿನಲ್ಲಿ ಡೆವಲಪರ್ ಆಪ್ಷನ್ಸ್ ತೆರೆದು 'ಸ್ಟೇ ಅವೇಕ್' ನೋಡಿ. ಚಾರ್ಜಿಗಿಟ್ಟಷ್ಟು ಹೊತ್ತು ಪರದೆ ಆರದಂತೆ ತಡೆಯುವುದು ಅದು, ಯಾರೋ ಹುಡುಗರು ಒತ್ತಿಟ್ಟಿರುತ್ತಾರೆ. ಊಟದ ಹೊತ್ತಿಗೆ ಬಿಡುವಿಲ್ಲದಾಗ ಮಾತ್ರ ಪರದೆ ಆನ್ ಇರಲಿ, ಬ್ರೈಟ್‌ನೆಸ್ ಶೇಕಡಾ 40ರ ಮೇಲೆ ಬೇಡ, ಡಾರ್ಕ್ ಮೋಡ್ ಹಾಕಿ, ಕೆಳಗಿನ ಮೂರು ಬಟನ್ ತೆಗೆದು ಬೆರಳು ಸವರಿ ನಡೆಸುವ ಜೆಸ್ಚರ್ ಮಾಡಿ. ಕ್ಯುಆರ್ ಕೋಡನ್ನು ಫೋನಿನಲ್ಲಿ ತೋರಿಸುವ ಅಭ್ಯಾಸವಿದ್ದರೆ ಬಿಡಿ, ಮುದ್ರಿಸಿ ಗಲ್ಲಾದ ಮೇಲೆ ನಿಲ್ಲಿಸಿ.

ಮುಂದೆ ಕೊಳ್ಳುವಾಗ ಈ ಕೆಲಸಕ್ಕೆ ಐಪಿಎಸ್ ಎಲ್‌ಸಿಡಿ ಪರದೆಯ ಸಾದಾ ಫೋನೋ ಟ್ಯಾಬೋ ತನ್ನಿ. ದಿನವಿಡೀ ಒಂದೇ ಚಿತ್ರ ತೋರಿಸುವ ಚಾಕರಿಗೆ ಅಮೊಲೆಡ್ ತರುವುದೇ ದಂಡ. ಎಲ್‌ಸಿಡಿಯಾದರೂ ಚಾರ್ಜಿಂಗ್ ಮಿತಿ ಶೇಕಡಾ 80ಕ್ಕೆ ಕಟ್ಟಿ, ಆ ಸೌಲಭ್ಯವಿಲ್ಲದಿದ್ದರೆ ಪ್ಲಗ್‌ಗೆ ಟೈಮರ್ ಹಾಕಿ. ವಾರಕ್ಕೊಮ್ಮೆ ಫೋನನ್ನು ಸಪಾಟು ಮೇಜಿನ ಮೇಲೆ ಅಂಗಾತ ಇಟ್ಟು ಪರದೆಯ ಅಂಚು, ಹಿಂಬದಿ ಮುಚ್ಚಳ ಎರಡನ್ನೂ ನೋಡಿ. ಎಲ್ಲಾದರೂ ಎದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ. ಆಗ ಒತ್ತಿ ಕೂರಿಸಲು ಹೋಗದೆ ಚಾರ್ಜರ್ ಕಿತ್ತು ಆವತ್ತೇ ಬ್ಯಾಟರಿ ಬದಲಿಸಿ.