ಸೊಲೆನಾಯ್ಡ್ ವಾಲ್ವ್ ಹಾಕಿದ ಮೇಲೆ ಆಲೂಗಡ್ಡೆ ಫಿರಂಗಿಗೆ ಕಸುವೇ ಇಲ್ಲ

ಅರೆಬೆಂದ ಆಲೂ:
ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ನನ್ನದು ಒತ್ತಡದ ಗಾಳಿಯಿಂದ ನಡೆಯುವ ಆಲೂಗಡ್ಡೆ ಫಿರಂಗಿ: ಚೇಂಬರಿಗೆ ಗಾಳಿ ತುಂಬಿಸಿ ವಾಲ್ವ್ ತೆರೆದರೆ ನಳಿಗೆಯಲ್ಲಿರುವ ಆಲೂಗಡ್ಡೆ ತುಂಡು ಹಾರುತ್ತದೆ. ಮೊದಲು ಕೈಯಿಂದ ತಿರುಗಿಸುವ ಬಾಲ್ ವಾಲ್ವ್ ಇತ್ತು, ಪರವಾಗಿಲ್ಲ ಎನ್ನುವಷ್ಟು ದೂರ ಹೋಗುತ್ತಿತ್ತು. ಸ್ಪ್ರಿಂಕ್ಲರ್ ವಾಲ್ವ್ ಹಾಕಿದರೆ ದುಪ್ಪಟ್ಟು ದೂರ ಎಂದು ಇಲ್ಲಿಯೇ ಹತ್ತಾರು ಜನ ಬರೆದಿದ್ದನ್ನು ನಂಬಿ, ತೋಟಕ್ಕೆ ನೀರು ಬಿಡುವ ಒಂದಿಂಚಿನ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ ಕೊಟ್ಟರೆ ತೆರೆಯುವಂಥದ್ದು) ಕೂರಿಸಿದೆ. ಈಗ 50 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿಸಿ ಗುಂಡಿ ಒತ್ತಿದರೆ ‘ಪುಸ್ಸ್’ ಎಂಬ ಸದ್ದು, ಆಲೂಗಡ್ಡೆ ನಳಿಗೆಯಿಂದ ಜಾರಿ ಕಾಲ ಬುಡದಲ್ಲೇ ಬೀಳುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ, ಇಣುಕಿ ನೋಡಿದರೆ ಅಲ್ಲೇ ಕೂತಿರುತ್ತದೆ. ಉಳಿದದ್ದೆಲ್ಲ ಮೊದಲಿನದೇ. ಏನು ಕಾರಣ?

ಹಳೆ ಕೊಳಾಯಿ:
ಸೋರಿಕೆ. ಹೊಸ ವಾಲ್ವ್ ಹಾಕುವಾಗ ಎರಡು ಕಡೆ ಹೊಸ ಜೋಡಣೆ ಆಗಿರುತ್ತದೆ, ಅಲ್ಲೇ ಎಲ್ಲೋ ಗಾಳಿ ಹೋಗುತ್ತಿದೆ. ಸಾಬೂನು ನೀರು ಸವರಿ, ಗುಳ್ಳೆ ಎದ್ದ ಕಡೆ ಟೆಫ್ಲಾನ್ ಟೇಪ್ ಬಿಚ್ಚಿ ಮತ್ತೆ ಸುತ್ತಿ. ಪೈಪಿನ ತಿರುಪು ಹೋಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ.

ನಿಧಾನಸ್ಥ:
ಕಾರಣ ಆಮೇಲೆ ಹುಡುಕೋಣ. ಹಾರದೆ ಉಳಿದ ಫಿರಂಗಿಯ ನಳಿಗೆಯೊಳಗೆ ಇಣುಕಿದಿರಾ? ಹಿಂದೆ ಚೇಂಬರಿನಲ್ಲಿ ಪೂರ್ತಿ ಗಾಳಿ ಇದ್ದಾಗ? ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಬೇಡಿ. ಚೇಂಬರಿನ ಪಕ್ಕಕ್ಕೆ ಗಾಳಿ ಹೊರಬಿಡುವ ಸಣ್ಣ ವಾಲ್ವ್ ಒಂದನ್ನು ಹಾಕಿಕೊಳ್ಳಿ. ಹಾರದಿದ್ದರೆ ಮೊದಲು ಅದನ್ನು ತೆರೆದು ಮಾಪಕ ಸೊನ್ನೆಗೆ ಬಂದ ಮೇಲಷ್ಟೇ ಹತ್ತಿರ ಹೋಗಿ.

ಅರೆಬೆಂದ ಆಲೂ:
@ಹಳೆ ಕೊಳಾಯಿ ಸೋರುತ್ತಿಲ್ಲ ಸರ್. ಮಾಪಕದ ಮುಳ್ಳು ಅಲುಗಾಡುವುದಿಲ್ಲ.

ಕಡಿಮೆಮಾತು:
ವಾಲ್ವಿಗೆ ಯಾವ ಬ್ಯಾಟರಿ ಕೊಟ್ಟಿದ್ದೀರಿ?

ಹಳೆ ಕೊಳಾಯಿ:
ಮಾಪಕ ಎಲ್ಲಿದೆ? ಕಾಲಿನ ಪಂಪಿನ ಮೇಲಿರುವುದನ್ನು ನೋಡಿ ಹೇಳುತ್ತಿದ್ದರೆ ಅದು ಚೇಂಬರಿನ ಒತ್ತಡವಲ್ಲ, ಕೊಳವೆಯ ಒತ್ತಡ. ನಡುವೆ ಟೈರಿಗೆ ಹಾಕುವಂಥ ಒಂದೇ ದಿಕ್ಕಿನ ವಾಲ್ವ್ ಇರುತ್ತದೆ. ಚೇಂಬರ್ ಖಾಲಿಯಾದರೂ ಪಂಪಿನ ಮುಳ್ಳು 50ರಲ್ಲೇ ನಿಂತಿರಬಹುದು. ಸೋರಿಕೆ ಇದೆ ಎಂದೇ ನನ್ನ ಅನಿಸಿಕೆ.

ಪಿಸ್ಟನ್ ಪ್ರಿಯ:
ಸೋರಿಕೆಯನ್ನೇ ಹಿಡಿದು ಎಷ್ಟು ಹೊತ್ತು ಕೂರುತ್ತೀರಿ? ಬಾಲ್ ವಾಲ್ವ್ ಇದ್ದಾಗ ಇದೇ ಚೇಂಬರ್ ಸರಿಯಾಗಿಯೇ ಇತ್ತಲ್ಲ. ವಾಲ್ವಿನ ಮೈಮೇಲೆ ಬಾಣದ ಗುರುತು ಇರುತ್ತದೆ, ಅದು ನಳಿಗೆಯ ಕಡೆ ತೋರಿಸುತ್ತಿದೆಯೇ? ತಿರುಗುಮುರುಗಾಗಿದ್ದರೆ ದಾರಿ ಮುಚ್ಚುವ ಒಳಗಿನ ರಬ್ಬರ್ ಪರದೆ, ಅಂದರೆ ಡಯಾಫ್ರಂ, ಮುಚ್ಚಿಕೊಳ್ಳುವುದೇ ಇಲ್ಲ.

ಶೂನ್ಯಗುರುತ್ವ:
ತಿರುಗುಮುರುಗಾಗಿದ್ದರೆ 50 ಪಿಎಸ್‌ಐ ತುಂಬುವುದೇ ಸಾಧ್ಯವಿಲ್ಲ, ತುಂಬಿದಷ್ಟೂ ನಳಿಗೆಯಿಂದ ಹೊರಗೆ ಹೋಗುತ್ತಿರುತ್ತದೆ. ನನ್ನ ಅನುಮಾನ ಚೇಂಬರಿಗೂ ನಳಿಗೆಗೂ ಇರುವ ಅನುಪಾತದ ಮೇಲೆ. ಚೇಂಬರಿನ ಗಾತ್ರ ನಳಿಗೆಯ 0.8ರಷ್ಟು ಇರಬೇಕು. ನಿಮ್ಮದು ಎಷ್ಟು?

ಪಿಸ್ಟನ್ ಪ್ರಿಯ:
0.8 ದಹನದ ಫಿರಂಗಿಗೆ ಹೇಳುವ ಲೆಕ್ಕ ಸ್ವಾಮಿ. ಇಂಧನ ಉರಿದು ಒತ್ತಡ ಏರುವುದಕ್ಕೆ ಸಮಯ ಹಿಡಿಯುತ್ತದೆ, ಆಮೇಲೆ ಬಿಸಿ ಗಾಳಿ ತಣ್ಣಗಾಗುತ್ತಾ ಒತ್ತಡ ಇಳಿಯುತ್ತದೆ, ಆದ್ದರಿಂದ ಆ ಅನುಪಾತ. ಇದು ಮೊದಲೇ ತುಂಬಿಟ್ಟ ಗಾಳಿ. ಇಲ್ಲಿ ಚೇಂಬರ್ ದೊಡ್ಡದಾದಷ್ಟೂ ಒತ್ತಡ ಕೊನೆಯವರೆಗೆ ಉಳಿಯುತ್ತದೆ. ನನ್ನದರಲ್ಲಿ ಚೇಂಬರ್ ನಳಿಗೆಯ ಎರಡರಷ್ಟಿದೆ.

ಅರೆಬೆಂದ ಆಲೂ:
ಅನುಪಾತ ಲೆಕ್ಕ ಹಾಕಿಲ್ಲ. ಚೇಂಬರ್ ಸುಮಾರು 3 ಲೀಟರ್, ನಳಿಗೆ 50 ಮಿಲಿಮೀಟರ್ ಒಳವ್ಯಾಸ, ಒಂದು ಮೀಟರ್ ಉದ್ದ. ಬಾಣ ಸರಿಯಾಗಿಯೇ ಇದೆ. ಫಿರಂಗಿಯನ್ನು 45 ಡಿಗ್ರಿಗೆ ಹಿಡಿಯುತ್ತೇನೆ.

ಶೂನ್ಯಗುರುತ್ವ:
ನಳಿಗೆಯ ಗಾತ್ರ ಎರಡು ಲೀಟರಿಗೆ ತುಸು ಕಡಿಮೆ, ಚೇಂಬರ್ ಅದರ ಒಂದೂವರೆಪಟ್ಟು. ಸರಿ, ಅನುಪಾತದ ಮಾತು ಬಿಡೋಣ. ಆದರೆ 45 ಡಿಗ್ರಿ ತಪ್ಪು. ಗಾಳಿಯ ಅಡೆತಡೆ ಇಲ್ಲದ ಕಡೆ ಮಾತ್ರ 45. ಆಲೂಗಡ್ಡೆಯಂಥ ಮೊಂಡು ತುಂಡಿಗೆ ಅದಕ್ಕಿಂತ ಕೆಳಗಿನ ಕೋನದಲ್ಲಿಯೇ ಹೆಚ್ಚು ದೂರ ಸಿಗುತ್ತದೆ.

ಹಳೆ ಕೊಳಾಯಿ:
ಕಾಲ ಬುಡದಲ್ಲಿ ಬೀಳುವ ಆಲೂಗಡ್ಡೆಗೆ ಕೋನದ ಉಪದೇಶ! ಅವರ ತುಂಡು ನಳಿಗೆಗೆ ಬಿಗಿಯಾಗಿ ಕೂರುತ್ತದೆಯೇ ಎಂದಾದರೂ ಕೇಳಿದಿರಾ? ನಳಿಗೆಯ ಬಾಯಿಯನ್ನು ಹೊರಗಿನಿಂದ ಅರೆದು ಹರಿತ ಮಾಡಿ, ಆಲೂಗಡ್ಡೆಯನ್ನು ಅದರ ಮೇಲೆ ಒತ್ತಿದರೆ ಒಳವ್ಯಾಸಕ್ಕೆ ಸರಿಯಾಗಿ ಕತ್ತರಿಸಿಕೊಂಡು ಒಳಗೆ ಕೂರುತ್ತದೆ. ಚಾಕುವಿನಲ್ಲಿ ಕೊರೆದ ತುಂಡಿನ ಸುತ್ತ ಗಾಳಿ ಸೋರುತ್ತದೆ. ಅದೂ ಸೋರಿಕೆಯೇ.

ಅರೆಬೆಂದ ಆಲೂ:
ಬಾಯಿ ಹರಿತವಾಗಿದೆ, ತುಂಡು ಬಿಗಿಯಾಗಿದೆ. ಬಾಲ್ ವಾಲ್ವ್ ಇದ್ದಾಗಲೂ ಹೀಗೇ ತುಂಬುತ್ತಿದ್ದೆ ಎಂದು ಎಷ್ಟು ಸಲ ಹೇಳಲಿ.

ನಿಧಾನಸ್ಥ:
ಪೈಪ್ ಯಾವುದು ಎಂದು ಇನ್ನೂ ಯಾರೂ ಕೇಳಿಲ್ಲ. ಬಚ್ಚಲ ನೀರು ಹೋಗುವ ತೆಳ್ಳನೆಯ ಪೈಪ್ ಆಗಿದ್ದರೆ ಅದಕ್ಕೆ ಒತ್ತಡ ತಡೆಯುವ ಯಾವ ಭರವಸೆಯೂ ಇಲ್ಲ. ನೀರಿನ ಪಿವಿಸಿ ಪೈಪಿನ ಮೇಲೆ ಅಚ್ಚಾಗಿರುವ ಅಂಕಿಯೂ ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ತುಂಬಿದಾಗಿನದು. 38 ಡಿಗ್ರಿಗೆ ಹೋದರೆ ಆ ಬಲದ ಶೇಕಡ 62ರಷ್ಟು ಮಾತ್ರ ಉಳಿಯುತ್ತದೆ, 60 ಡಿಗ್ರಿಯಲ್ಲಿ ಶೇಕಡ 22ರಷ್ಟು. ಬಿಸಿಲಲ್ಲಿ ಬಿಟ್ಟ ಪೈಪ್ ಕೈಗೆ ಸುಡುವಷ್ಟಾದರೆ ಯಾವ ಮಟ್ಟದಲ್ಲಿದೆ ಎಂದು ನೀವೇ ಯೋಚಿಸಿ. ನೀರು ತುಂಬಿದ ಪೈಪ್ ಒಡೆದರೆ ನೆಲ ಒದ್ದೆಯಾಗುತ್ತದೆ. ಗಾಳಿ ತುಂಬಿದ್ದು ಒಡೆದರೆ ಚೂರುಗಳು ಸಿಡಿಯುತ್ತವೆ. ನಿಮ್ಮ 3 ಲೀಟರಿನಲ್ಲಿ 50 ಪಿಎಸ್‌ಐಗೆ ಸುಮಾರು 600 ಜೂಲ್ ಶಕ್ತಿ ಇದೆ. ಒಂದು ಕಿಲೋ ತೂಕವನ್ನು 60 ಮೀಟರ್ ಮೇಲಿನಿಂದ ಬಿಟ್ಟಷ್ಟು.

ಹಳೆ ಕೊಳಾಯಿ:
ಮತ್ತೆ ಶುರುವಾಯಿತು. ನನ್ನ ಪಿವಿಸಿ ಫಿರಂಗಿ ವರ್ಷಗಳಿಂದ ನಡೆಯುತ್ತಿದೆ, ಒಂದು ಗೀರೂ ಬಿದ್ದಿಲ್ಲ.

ನಿಧಾನಸ್ಥ:
ಅದಕ್ಕೇ ಹೆಚ್ಚು ಭಯ. ಬಿಸಿಲಿಗೆ ಪಿವಿಸಿ ಪೆಡಸಾಗುತ್ತದೆ, ತುಂಬಿ ಬಿಡುವ ಪ್ರತಿ ಸಲವೂ ಜೋಡಣೆಗಳು ದಣಿಯುತ್ತವೆ. ಒಡೆಯುವ ಮುನ್ನ ಅದು ಉಬ್ಬಿ ಎಚ್ಚರಿಕೆ ಕೊಡುವ ವಸ್ತುವಲ್ಲ. ನನ್ನ ಚೇಂಬರ್ ಒತ್ತಡದ ಗಾಳಿಗೆಂದೇ ತಯಾರಾದ ಲೋಹದ ಟ್ಯಾಂಕ್, ಮೇಲೆ ಸುರಕ್ಷಾ ವಾಲ್ವ್ ಕೂಡ ಇದೆ. ಜಗಳಕ್ಕೆ ಹೇಳುತ್ತಿಲ್ಲ.

ಹಳೆ ಕೊಳಾಯಿ:
ಟ್ಯಾಂಕ್ ಹೊತ್ತುಕೊಂಡು ತಿರುಗುವ ಶಕ್ತಿ ನಮಗಿಲ್ಲ.

ಕಡಿಮೆಮಾತು:
ಬ್ಯಾಟರಿ?

ಅರೆಬೆಂದ ಆಲೂ:
ಸಾಮಾನ್ಯ 9 ವೋಲ್ಟ್ ಬ್ಯಾಟರಿ, ಹೊಸದು. ಗುಂಡಿ ಒತ್ತಿದರೆ ವಾಲ್ವ್ ‘ಟಿಕ್’ ಎನ್ನುತ್ತದೆ, ಅಂದರೆ ಕೆಲಸ ಮಾಡುತ್ತಿದೆ. 20 ಪಿಎಸ್‌ಐ ಹಾಕಿದರೆ ಚೆನ್ನಾಗಿಯೇ ಹಾರುತ್ತದೆ ಕೂಡ. ತೊಂದರೆ ಇರುವುದು ಒತ್ತಡ ಹೆಚ್ಚಿಸಿದಾಗ. ಆದ್ದರಿಂದ ಬ್ಯಾಟರಿಯ ವಿಷಯ ಅಲ್ಲ.

ಪಿಸ್ಟನ್ ಪ್ರಿಯ:
20ರಲ್ಲಿ ಹಾರುತ್ತದೆ, 50ರಲ್ಲಿ ಹಾರುವುದಿಲ್ಲ! ಇದನ್ನು ಮೊದಲ ಸಾಲಿನಲ್ಲೇ ಹೇಳಬಾರದಿತ್ತೇ?

ಕಡಿಮೆಮಾತು:
ಅದು ಬ್ಯಾಟರಿಯ ವಿಷಯವೇ. ಈ ಸಲ ಸ್ವಲ್ಪ ಉದ್ದ ಬರೆಯುತ್ತೇನೆ.

ನೀರಾವರಿಯ ವಾಲ್ವಿನಲ್ಲಿ ಸೊಲೆನಾಯ್ಡ್ ದೊಡ್ಡ ದಾರಿಯನ್ನು ತಾನೇ ತೆರೆಯುವುದಿಲ್ಲ. ಆ ದಾರಿಯನ್ನು ಮುಚ್ಚಿರುವುದು ರಬ್ಬರ್ ಡಯಾಫ್ರಂ. ಅದರ ಮೇಲಿನ ಪುಟ್ಟ ಕೋಣೆಗೂ ಚೇಂಬರಿನ ಗಾಳಿಯೇ ಒಂದು ಸಣ್ಣ ರಂಧ್ರದ ಮೂಲಕ ಹೋಗಿ ತುಂಬಿರುತ್ತದೆ. ಆ ಒತ್ತಡವೇ ಡಯಾಫ್ರಮನ್ನು ಕೆಳಗೆ ಅದುಮಿ ಹಿಡಿದಿರುವುದು. ಗುಂಡಿ ಒತ್ತಿದಾಗ ತಂತಿಯ ಸುರುಳಿ ಒಂದು ಕಬ್ಬಿಣದ ಕಡ್ಡಿಯನ್ನು ಮೇಲೆಳೆಯುತ್ತದೆ. ಕಡ್ಡಿಯ ತುದಿಯ ರಬ್ಬರ್ ಸರಿದು ಕೆಳಗಿನ ಸಣ್ಣ ಕಂಡಿ ತೆರೆಯುತ್ತದೆ, ಮೇಲ್ಕೋಣೆಯ ಗಾಳಿ ಅಲ್ಲಿಂದ ಹೊರಟ ಮೇಲೆಯೇ ಡಯಾಫ್ರಂ ಏಳುವುದು.

ಆ ಕಡ್ಡಿಯನ್ನು ಕಂಡಿಯ ಮೇಲೆ ಒತ್ತಿರುವುದು ಸ್ಪ್ರಿಂಗ್ ಒಂದೇ ಅಲ್ಲ, ಒಳಗಿನ ಗಾಳಿಯೂ ಹೌದು. ಒತ್ತಡ ಏರಿದಷ್ಟೂ ಅದನ್ನು ಎತ್ತಲು ಬಲ ಹೆಚ್ಚು ಬೇಕು. ಇಂಥ ಸುರುಳಿಗಳು ಬಹುಮಟ್ಟಿಗೆ 24 ವೋಲ್ಟ್ ಎಸಿಗೆ ಮಾಡಿದವು. 20 ಪಿಎಸ್‌ಐಗೆ ನಿಮ್ಮ 9 ವೋಲ್ಟ್ ಹೇಗೋ ಎತ್ತುತ್ತದೆ, 50ಕ್ಕೆ ಕಡ್ಡಿ ಮಿಸುಕಾಡಿ ಅರೆಬರೆ ಏಳುತ್ತದೆ. ನಿಮಗೆ ಕೇಳುವ ‘ಟಿಕ್’ ಅದೇ. ಇನ್ನೊಂದು ಸಂಗತಿ, ಈ ವಾಲ್ವುಗಳಲ್ಲಿ ಮೇಲ್ಕೋಣೆಯ ಗಾಳಿ ಹೊರಗೆ ಹೋಗದೆ ಸಾಮಾನ್ಯವಾಗಿ ಮುಂದಿನ ಪೈಪಿಗೇ, ಅಂದರೆ ನಿಮ್ಮ ನಳಿಗೆಗೇ ಸೇರುತ್ತದೆ. ಆಲೂಗಡ್ಡೆಯನ್ನು ಮೆಲ್ಲಗೆ ದೂಡಿಕೊಂಡು ಬರುವ ‘ಪುಸ್ಸ್’ ಅದು.

9 ವೋಲ್ಟಿನವನ್ನು ಎರಡೋ ಮೂರೋ ಸಾಲಾಗಿ ಜೋಡಿಸಿ. ಡಿಸಿಯಲ್ಲಿ ಈ ಸುರುಳಿ ಎಸಿಗಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ, ಹಾಗಾಗಿ ಗುಂಡಿಯನ್ನು ಒತ್ತಿ ಹಿಡಿಯಬೇಡಿ, ಕ್ಷಣಮಾತ್ರ ಒತ್ತಿ ಬಿಡಿ.

ಶೂನ್ಯಗುರುತ್ವ:
ಒಪ್ಪುತ್ತೇನೆ, ಲೆಕ್ಕವೂ ಅದನ್ನೇ ಹೇಳುತ್ತದೆ. 50 ಮಿಲಿಮೀಟರ್ ವ್ಯಾಸಕ್ಕೆ 50 ಪಿಎಸ್‌ಐ ಒತ್ತಡ ಬಿದ್ದರೆ ಬಲ ಸುಮಾರು 680 ನ್ಯೂಟನ್. 125 ಗ್ರಾಂ ತುಂಡಿಗೆ ಅಷ್ಟೂ ಬಲ ಒಮ್ಮೆಗೇ ತಾಗಿದರೆ ಒಂದು ಮೀಟರ್ ನಳಿಗೆ ದಾಟಲು 20 ಮಿಲಿಸೆಕೆಂಡ್ ಸಾಕು. ನಿಜದಲ್ಲಿ ಘರ್ಷಣೆ, ವಾಲ್ವಿನ ಅಡ್ಡಿ ಎಲ್ಲ ಸೇರಿ ಅದಕ್ಕಿಂತ ಹೆಚ್ಚೇ ಆಗುತ್ತದೆ, ಆದರೂ ಆಟ ಮಿಲಿಸೆಕೆಂಡುಗಳದ್ದು. ವಾಲ್ವ್ ಅಷ್ಟರಲ್ಲಿ ಪೂರ್ತಿ ತೆರೆಯದಿದ್ದರೆ ಚೇಂಬರಿನಲ್ಲಿ ಎಷ್ಟು ತುಂಬಿದ್ದರೂ ಆಲೂಗಡ್ಡೆಗೆ ದಕ್ಕುವುದಿಲ್ಲ. ಕೈಯಿಂದ ಬಾಲ್ ವಾಲ್ವ್ ತಿರುಗಿಸುವವರಿಗೂ ಇದೇ ಗತಿ, ಹಿಡಿ ಅರ್ಧ ತಿರುಗುವಷ್ಟರಲ್ಲಿ ತುಂಡು ಹೊರಗಿರುತ್ತದೆ.

ಹಳೆ ಕೊಳಾಯಿ:
ಬ್ಯಾಟರಿ ಇರಬಹುದು. ಆದರೂ ಮಾಪಕ ಎಲ್ಲಿದೆ ಎಂಬ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಅರೆಬೆಂದ ಆಲೂ:
ಮೂರು ಬ್ಯಾಟರಿ ಜೋಡಿಸಿ ನೋಡಿದೆ. ‘ಟಿಕ್’ ಹೋಗಿ ‘ಟಕ್’ ಆಗಿದೆ, 50ರಲ್ಲಿ ಈಗ ಹಾರುತ್ತದೆ. ಬಾಲ್ ವಾಲ್ವಿಗಿಂತ ಸ್ವಲ್ಪ ಹೆಚ್ಚು ದೂರ, ಆದರೆ ದುಪ್ಪಟ್ಟು ಎಂದರಲ್ಲ, ಅದು ಎಲ್ಲಿ? (ಮಾಪಕ ಪಂಪಿನ ಮೇಲೆಯೇ ಇದೆ.)

ಹಳೆ ಕೊಳಾಯಿ:
ನೋಡಿದಿರಾ!

ಪಿಸ್ಟನ್ ಪ್ರಿಯ:
ದುಪ್ಪಟ್ಟು ಬೇಕಿದ್ದರೆ ಸೊಲೆನಾಯ್ಡನ್ನೇ ಕಿತ್ತುಹಾಕಿ. ಆ ಸಣ್ಣ ಕಂಡಿಯಿಂದ ಮೇಲ್ಕೋಣೆ ಖಾಲಿಯಾಗುವುದು ನಿಧಾನ. ಧೂಳು ಊದುವ ಏರ್ ಗನ್ನಿನ ಹಿಡಿಯನ್ನು ವಾಲ್ವಿನ ಮುಚ್ಚಳಕ್ಕೆ ಜೋಡಿಸಿಕೊಂಡವರಿಗೆ ಬ್ಯಾಟರಿಯ ಗೊಡವೆಯೇ ಇಲ್ಲ. ನಾನಂತೂ ಅದನ್ನೂ ದಾಟಿ ಬಂದೆ. ನನ್ನದು ಪಿಸ್ಟನ್ ವಾಲ್ವ್, ಚೇಂಬರಿನ ಒಳಗೇ ಕೂತಿದೆ, ನಳಿಗೆಯಷ್ಟೇ ಅಗಲ ತೆರೆಯುತ್ತದೆ. ಪಿಸ್ಟನ್ನಿಗೆ ಗಾಳಿ ಸೋರದಂತೆ ಎರಡು ಓ-ರಿಂಗ್ (ರಬ್ಬರ್ ಬಳೆ), ಹಿಂದೆ ರಬ್ಬರಿನ ತಡೆ. ಬಿಟ್ಟಾಗ ಬರುವುದು ‘ಪುಸ್ಸ್’ ಅಲ್ಲ, ಚಾಟಿ ಬೀಸಿದ ಸದ್ದು. ಫೋಟೋ ಹಾಕುತ್ತೇನೆ.

ನಿಧಾನಸ್ಥ:
ಯಾವ ಪೈಪಿನಲ್ಲಿ ಮಾಡಿದ್ದು?

ಪಿಸ್ಟನ್ ಪ್ರಿಯ:
ಗೊತ್ತಿತ್ತು ಕೇಳುತ್ತೀರಿ ಎಂದು. ಲೋಹ.

ಶೂನ್ಯಗುರುತ್ವ:
ಗಾಳಿಯಿಂದ ಆಲೂಗಡ್ಡೆ ಹೊಡೆಯುವುದು ನಾವು ಕಂಡುಹಿಡಿದದ್ದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳ ಮೇಲೆ ಹೋಲ್ಮನ್ ಪ್ರೊಜೆಕ್ಟರ್ ಎಂಬ ಆಯುಧ ಇತ್ತು. ಹಬೆಯಿಂದಲೋ ಒತ್ತಡದ ಗಾಳಿಯಿಂದಲೋ ವಿಮಾನಗಳತ್ತ ಗ್ರೆನೇಡ್ ಎಸೆಯುತ್ತಿತ್ತು. ಬೇಸರವಾದಾಗ ನಾವಿಕರು ಅದಕ್ಕೆ ಆಲೂಗಡ್ಡೆ ತುಂಬಿ ಪಕ್ಕದ ಹಡಗಿಗೆ ಹೊಡೆಯುತ್ತಿದ್ದರಂತೆ.

ಹಳೆ ಕೊಳಾಯಿ:
ಹಬೆಯಾದರೆ ಸೋರಿದ್ದು ಕಣ್ಣಿಗೇ ಕಾಣುತ್ತದೆ, ಪುಣ್ಯವಂತರು.

ಕಿಡಿಗಣ್ಣ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ದಹನದ ಫಿರಂಗಿ. ಮೊದಲ ಸಲ ಹಾರುತ್ತದೆ, ಎರಡನೆಯ ಸಲ ಕಿಡಿ ಬಂದರೂ ಹೊತ್ತಿಕೊಳ್ಳುವುದಿಲ್ಲ. ಸೊಲೆನಾಯ್ಡಿಗೆ ಹೇಳಿದ ಹಾಗೆ ನನ್ನ ಲೈಟರಿಗೂ ಬ್ಯಾಟರಿ ಹೆಚ್ಚಿಸಬೇಕೇ?

ಕಡಿಮೆಮಾತು:
ಬೇಡ. ಮೊದಲ ಹೊಡೆತದ ಸುಟ್ಟ ಹೊಗೆ ಒಳಗೇ ಉಳಿದಿದೆ, ಆಮ್ಲಜನಕ ಇಲ್ಲ. ಪ್ರತಿ ಸಲ ಚೇಂಬರ್ ತೆರೆದು ಗಾಳಿ ಆಡಿಸಬೇಕು. ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲಸುಮೇಲೋಗರ ಆಗುತ್ತದೆ.

ನಿಧಾನಸ್ಥ:
ಹೊತ್ತಿಕೊಳ್ಳಲಿಲ್ಲ ಎಂದು ಇನ್ನಷ್ಟು ಇಂಧನ ಊದಬೇಡಿ. ಮತ್ತೆ, ಇಂಥವನ್ನು ಇಟ್ಟುಕೊಳ್ಳುವುದಕ್ಕೆ ದೇಶದಿಂದ ದೇಶಕ್ಕೆ ಕಾನೂನು ಬೇರೆ ಇದೆ, ದಹನದ್ದಕ್ಕೆ ಕೆಲವೆಡೆ ಇನ್ನೂ ಬಿಗಿ. ನಿಮ್ಮಲ್ಲಿ ಹೇಗಿದೆ ಎಂದು ವಿಚಾರಿಸಿದ್ದೀರಾ?

ಅರೆಬೆಂದ ಆಲೂ:
ನನ್ನ ಪ್ರಶ್ನೆ ಎಲ್ಲಿ ಹೋಯಿತು? ಏರ್ ಗನ್ನಿನ ಹಿಡಿ ಜೋಡಿಸಲು ಮುಚ್ಚಳದಲ್ಲಿ ರಂಧ್ರವನ್ನು ಎಲ್ಲಿ ಕೊರೆಯುವುದು? ಹಳೆಯ ಕಂಡಿಯನ್ನು ಎಪಾಕ್ಸಿ ಹಾಕಿ ಮುಚ್ಚಬೇಕೇ?

ಪಿಸ್ಟನ್ ಪ್ರಿಯ:
ಮುಚ್ಚಬೇಕು, ಇಲ್ಲದಿದ್ದರೆ ನಳಿಗೆಗೆ ಸೋರುತ್ತಲೇ ಇರುತ್ತದೆ. ರಂಧ್ರ ಮುಚ್ಚಳದ ನಡುಭಾಗದಲ್ಲಿ. ಡಯಾಫ್ರಮಿನ ಮೇಲಿನ ಸ್ಪ್ರಿಂಗನ್ನು ಮಾತ್ರ ತೆಗೆಯಬೇಡಿ. ನಾನು ನನ್ನ ಹಳೆಯ ವಾಲ್ವಿನಲ್ಲಿ ಅದನ್ನು ಬದಲಿಸಿ ಮೆತ್ತಗಿನದು ಹಾಕಿದ್ದೆ, ಇನ್ನೂ ಬೇಗ ಏಳುತ್ತಿತ್ತು.

ಅರೆಬೆಂದ ಆಲೂ:
ಮೆತ್ತಗಿನದು ಎಂದರೆ ಎಷ್ಟು ದಪ್ಪದ ತಂತಿ, ಎಷ್ಟು ಉದ್ದ?

ಅರೆಬೆಂದ ಆಲೂ:
ಯಾರಾದರೂ ಇದ್ದೀರಾ? ಫೋಟೋ ಕೂಡ ಬಂದಿಲ್ಲ.